ಕೋವಿ ಮನೆಯಲ್ಲಿರಲಿ, ತೋಟಾ ಬೀಗದಲ್ಲಿರಲಿ

ಕೊಡಗು ಜಿಲ್ಲಾಧಿಕಾರಿಗಳಿಗೆ, ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ಜೊತೆಗೆ ಕೋವಿ ಇರುವ ನಮ್ಮೆಲ್ಲ ಮನೆಯವರಿಗೆ,

ನಮಸ್ಕಾರ.

ನಾನು ದಕ್ಷಿಣ ಕೊಡಗಿನ ಒಬ್ಬ ಕಾಫಿ ಬೆಳೆಗಾರ್ತಿ. ವಯಸ್ಸು ಅರವತ್ತು ದಾಟಿದೆ. ಮದುವೆಯಾಗಲಿಲ್ಲ, ಹುಟ್ಟಿದ ಮನೆಯಲ್ಲೇ ಉಳಿದೆ. ಅಣ್ಣ, ಅತ್ತಿಗೆ, ಅವರ ಮಗನ ಸಂಸಾರ, ನಾನು. ಮನೆಯಲ್ಲಿ ಎರಡು ಕೋವಿ ಇವೆ. ಒಂದು ಅಜ್ಜನ ಕಾಲದ ಕೇಪಿನ ಕೋವಿ, ಇನ್ನೊಂದು ಅಪ್ಪ ಕೊಂಡ ಜೋಡಿ ನಳಿಗೆಯದು. ಎರಡನ್ನೂ ಒರೆಸಿ ಎಣ್ಣೆ ಹಾಕಿ ಇಡುವುದು ನನ್ನ ಕೆಲಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ನಮ್ಮ ಕಡೆ ಕೋವಿ ಬಗ್ಗೆ ಯಾರಾದರೂ ಬಾಯಿ ತೆರೆದರೆ ಸಾಕು, "ನಮ್ಮ ಹಕ್ಕು ಕಿತ್ತುಕೊಳ್ಳೋಕೆ ಬಂದ್ರು" ಅಂತ ಶುರುವಾಗುತ್ತದೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಆ ಹಕ್ಕು ನನಗೆ ಬೇಕು.

ಯಾಕೆ ಬೇಕು ಅಂತ ಮಡಿಕೇರಿಯ ಕಚೇರಿಯಲ್ಲಿ ಕೂತು ಕೇಳಿದರೆ ಹೇಳುವುದು ಕಷ್ಟ. ಒಂದು ರಾತ್ರಿ ನಮ್ಮ ಮನೆಗೆ ಬನ್ನಿ. ಹತ್ತು ಗಂಟೆ ಮೇಲೆ ಗದ್ದೆ ಕಡೆಯಿಂದ ಬೈನೆ ಮರ ಮುರಿಯುವ ಸದ್ದು ಬರುತ್ತದೆ. ಆನೆ. ಅದಕ್ಕೆ ಹೊಡೆಯುವಂತಿಲ್ಲ, ಹೊಡೆಯಲೂಬಾರದು. ಆಕಾಶಕ್ಕೆ ಒಂದು ಈಡು ಬಿಡುತ್ತೇವೆ. ಒಂದೊಂದು ದಿನ ಹೋಗುತ್ತದೆ, ಒಂದೊಂದು ದಿನ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಹೋಗದಿದ್ದರೂ ನಮಗೆ ಸ್ವಲ್ಪ ಧೈರ್ಯ ಬರುತ್ತದೆ. ಇನ್ನು ಕಾಡುಹಂದಿ ಒಂದು ರಾತ್ರಿ ಗದ್ದೆಗೆ ಇಳಿದರೆ ಬೆಳಿಗ್ಗೆ ನೋಡುವುದಕ್ಕೆ ಬೇಜಾರಾಗುತ್ತದೆ.

ಬೆಳೆಯ ಮಾತು ಬಿಟ್ಟರೂ ಕೋವಿ ನಮ್ಮ ಬದುಕಿನ ಒಳಗೇ ಇದೆ. ಗಂಡು ಮಗು ಹುಟ್ಟಿದರೆ ಒಂದು ಈಡು. ಸತ್ತರೆ ಎರಡು. ನಾನು ಚಿಕ್ಕವಳಿದ್ದಾಗ ಬೆಟ್ಟದ ಆಚೆಯಿಂದ ಎರಡು ಈಡು ಕೇಳಿದರೆ ಅಪ್ಪ ಕೈಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದ. ಯಾರ ಮನೆ ಕಡೆಯಿಂದ ಅಂತ ಸದ್ದಿನಲ್ಲೇ ಅಂದಾಜು ಮಾಡಿ ಬಟ್ಟೆ ಬದಲಿಸಲು ಒಳಗೆ ಹೋಗುತ್ತಿದ್ದ. ಆಗ ಫೋನ್ ಇರಲಿಲ್ಲ, ಕೋವಿಯೇ ಫೋನ್. ನಮ್ಮ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಈಡು ಬೇಕೇ ಬೇಕು.

ಈ ಹಕ್ಕು ಎಲ್ಲಿಂದ ಬಂತು ಅನ್ನುವುದು ಹೊರಗಿನ ಓದುಗರಿಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. 1857ರ ದಂಗೆ ಆದ ಮೇಲೆ ಬ್ರಿಟಿಷರು ದೇಶದ ಜನರ ಕೈಯಿಂದ ಆಯುಧ ತೆಗೆಸಿದರು. ಕೊಡವರಿಗೆ ಮಾತ್ರ 1861ರಲ್ಲಿ ವಿನಾಯಿತಿ ಸಿಕ್ಕಿತು. ಕೊಟ್ಟವರು ಆಗ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕಿನ ಕಬ್ಬನ್. ನಿಷ್ಠೆಗೆ ಸಿಕ್ಕ ಇನಾಮು ಅದು. (ಯಾರಿಗೆ ನಿಷ್ಠೆ ಅಂತ ಕೇಳಿದರೆ ಸ್ವಲ್ಪ ಮುಜುಗರವಾಗುತ್ತದೆ, ಇರಲಿ.) ಸ್ವಾತಂತ್ರ್ಯದ ನಂತರ 1959ರ ಆಯುಧ ಕಾಯ್ದೆ ಬಂತು. 1963ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿಯನ್ನು ಮುಂದುವರಿಸಿತು. ಜಮ್ಮಾ ಅಂದರೆ ರಾಜರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ಕೊಟ್ಟ ಭೂಮಿ. ಅದನ್ನು ಹಿಡಿದವರಲ್ಲಿ ಕೊಡವರಲ್ಲದವರೂ ಇದ್ದಾರೆ. ಒಂದು ಜನಾಂಗಕ್ಕೆ ಮಾತ್ರ ಇದೇಕೆ ಅಂತ ಕೇಳಿದವರು ಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಈಗ ನಡೆಯುತ್ತಿರುವುದು 2019ರ ಅಧಿಸೂಚನೆ. ಅದರ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ.

ಅವತ್ತು ಮತ್ತೆ ಕೈ ಮುಗಿದು ನಿಲ್ಲುವವರು ನಾವು. ಅದಕ್ಕೆ ಮುಂಚೆ ನಮ್ಮ ಮನೆಯನ್ನು ನಾವೇ ಒಮ್ಮೆ ನೋಡಿಕೊಳ್ಳೋಣ ಅಂತ ಈ ಪತ್ರ.

ಕರ್ನಾಟಕದಲ್ಲಿ ಗುಂಡಿನ ಸಾವು ಅಂದ ಕೂಡಲೇ ಜನರಿಗೆ ನೆನಪಾಗುವುದು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರದು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರದು. ಇಬ್ಬರನ್ನೂ ಮನೆ ಬಾಗಿಲಲ್ಲೇ ಕೊಂದರು. ಬಳಸಿದ್ದು 7.65 ಎಂಎಂ ನಾಡ ಪಿಸ್ತೂಲು. ಅಂಥ ಆಯುಧಕ್ಕೆ ಲೈಸೆನ್ಸೂ ಇಲ್ಲ, ವಿನಾಯಿತಿಯೂ ಇಲ್ಲ. ಅದನ್ನು ಮಾಡುವವರು, ಸಾಗಿಸುವವರು, ಮಾರುವವರು ಬೇರೆ. ಅವರನ್ನು ಹಿಡಿಯುವುದು ಪೊಲೀಸರ ಕೆಲಸ. ನನ್ನ ಕೋವಿಗೆ ಹತ್ತು ಷರತ್ತು ಹಾಕಿದರೆ ಆ ಪಿಸ್ತೂಲು ನಿಲ್ಲುವುದಿಲ್ಲ. ಈ ಮಾತನ್ನು ನಮ್ಮವರು ಜೋರಾಗಿ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ.

ಆದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಕೊಡಗು, ಮಲೆನಾಡಿನ ಪತ್ರಿಕೆಗಳಲ್ಲಿ ಬರುವ ಗುಂಡಿನ ಸುದ್ದಿ ಬೇರೆ ಥರದ್ದು. "ಕಾಡುಹಂದಿ ಎಂದು ಭಾವಿಸಿ ಗುಂಡು, ಸ್ನೇಹಿತ ಸಾವು." "ಜಾಗದ ವಿಚಾರಕ್ಕೆ ಜಗಳ, ಸಂಬಂಧಿಕನ ಮೇಲೆ ಗುಂಡು." "ಸಾಲಬಾಧೆ, ಗುಂಡು ಹೊಡೆದುಕೊಂಡು ಬೆಳೆಗಾರ ಆತ್ಮಹತ್ಯೆ." ಓದಿ ಮಡಚಿಟ್ಟು ಕಾಫಿ ಕುಡಿಯುತ್ತೇವೆ. ಇವುಗಳಲ್ಲಿ ಕೋವಿ ನಾಡ ಪಿಸ್ತೂಲಲ್ಲ, ಮನೆಯದೇ. ಹೊಡೆದವನೂ ಊರಿಗೆ ಗೊತ್ತಿರುವವನೇ, ಬಿದ್ದವನೂ ಗೊತ್ತಿರುವವನೇ. ಇದನ್ನು "ಹಿಂಸೆ" ಅಂತ ಕರೆಯಲು ನಮಗೆ ನಾಲಿಗೆ ಹೊರಳುವುದಿಲ್ಲ. "ಹಣೆಬರಹ" ಅನ್ನುತ್ತೇವೆ.

ನಮ್ಮ ಮನೆಯ ಹಣೆಬರಹವನ್ನು ಒಮ್ಮೆ ಅವ್ವ ಬದಲಿಸಿದ್ದಳು. ಮೂವತ್ತು ವರ್ಷದ ಹಿಂದಿನ ಮಾತು. ಅಣ್ಣನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಅವತ್ತು ಸಂತೆ ದಿನ. ಗಡಿಯಲ್ಲಿರುವ ಸಿಲ್ವರ್ ಓಕ್ ಮರ ಯಾರದು ಅಂತ ಅಣ್ಣನಿಗೂ ದಾಯಾದಿಗೂ ಬೆಳಿಗ್ಗೆಯೇ ಮಾತಿಗೆ ಮಾತು ಬೆಳೆದಿತ್ತು. ಸಂಜೆ ಅಣ್ಣ ಕುಡಿದು ಬಂದ. ಚಪ್ಪಲಿ ಬಿಡದೆ ಒಳಗೆ ನಡೆದ. ನನಗೆ ಮೊದಲು ಕಂಡದ್ದು ಅದೇ, ದೀಪದ ಮುಂದೆ ಅವನು ಚಪ್ಪಲಿ ಹಾಕಿಕೊಂಡೇ ದಾಟಿದ್ದು. ಗೋಡೆಯ ಮೊಳೆಯಿಂದ ಜೋಡಿ ನಳಿಗೆಯನ್ನು ಇಳಿಸಿದ. ಮಡಚಿ ನೋಡಿದ, ಖಾಲಿ. ಬೀರುವಿನ ಮೇಲಿದ್ದ ತೋಟಾ ಡಬ್ಬ, ಅಂದರೆ ಕೋವಿ ಗುಂಡಿನ ಡಬ್ಬ, ತೆಗೆದ. ಅದರಲ್ಲಿ ಅಂಗಿ ಗುಂಡಿಗಳು, ಒಂದು ದಾರದ ಉಂಡೆ.

"ಅವ್ವಾ, ತೋಟಾ ಎಲ್ಲಿ?"

ಅವ್ವ ಒಲೆ ಮುಂದೆ ಅಕ್ಕಿ ಒಟ್ಟಿ ತಟ್ಟುತ್ತಿದ್ದಳು. "ಯಾವ ತೋಟ? ಮೇಲಿನದಾ ಕೆಳಗಿನದಾ?" ಅಂದಳು. ತಿರುಗಿಯೂ ನೋಡಲಿಲ್ಲ.

ಅಣ್ಣ ಅರ್ಧ ಗಂಟೆ ಹುಡುಕಿದ. ಭತ್ತದ ಪತ್ತಾಯಕ್ಕೆ ಕೈ ಹಾಕಿದ. ಮೆಣಸಿನ ಚೀಲ ಸುರಿದ. ಮಂಚದ ಕೆಳಗೆ ಬಗ್ಗಿದವನು ಏಳುವಾಗ ತಲೆ ಬಡಿದುಕೊಂಡ. ಕೊನೆಗೆ ಹೊರಗೆ ಬಂದು ಜಗಲಿಯ ಐಮರದ ಮೇಲೆ ಕೂತ. ಖಾಲಿ ಕೋವಿ ತೊಡೆ ಮೇಲಿತ್ತು. ಬೈಯುತ್ತಾ ಬೈಯುತ್ತಾ ಅಲ್ಲೇ ನಿದ್ದೆ ಹೋದ. ಅವ್ವ ಬಂದು ಕೋವಿ ತೆಗೆದು ಮೊಳೆಗೆ ಹಾಕಿದಳು, ಅವನಿಗೊಂದು ಕಂಬಳಿ ಹೊದಿಸಿದಳು. ಬೆಳಿಗ್ಗೆ ಬೆಲ್ಲದ ಕಾಪಿ ಕೊಟ್ಟಳು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆ ದಾಯಾದಿ ಇವತ್ತಿಗೂ ಇದ್ದಾನೆ. ಕಳೆದ ವರ್ಷ ಅವನ ಮೊಮ್ಮಗಳ ಮದುವೆಯಲ್ಲಿ ಅಣ್ಣನೇ ಮುಂದೆ ನಿಂತು ಓಡಾಡಿದ.

ತೋಟಾ ಎಲ್ಲಿತ್ತು ಅಂತ ಅವ್ವ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಕೊಟ್ಟಿಗೆಯಲ್ಲಿ, ಹಿಂಡಿ ಡ್ರಮ್ಮಿನ ತಳದಲ್ಲಿ. "ಬೆಳಿಗ್ಗೆ ಜಗಳ ಕೇಳಿದಾಗಲೇ ತೆಗೆದಿಟ್ಟೆ. ಗಂಡಸರು ಕೊಟ್ಟಿಗೆಯಲ್ಲಿ ಹುಡುಕಲ್ಲ" ಅಂದಳು.

ಅವ್ವ ಗಳಿಸಿಕೊಟ್ಟದ್ದು ಅರ್ಧ ಗಂಟೆ, ಅಷ್ಟೇ. ಕುಡಿತ ಬಿಡಿಸಲಿಲ್ಲ, ಜಗಳ ಬಗೆಹರಿಸಲಿಲ್ಲ, ಉಪದೇಶ ಮಾಡಲಿಲ್ಲ, ಕೋವಿ ಮಾರಲಿಲ್ಲ.

ಇದು ಒಬ್ಬ ಹೆಂಗಸಿನ ಜಾಣತನ ಅಂತ ನಾನು ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ಒಂದು ದೇಶದ ಸೈನ್ಯ ಇದನ್ನೇ ಮಾಡಿ ನೋಡಿದೆ. ಇಸ್ರೇಲಿನಲ್ಲಿ ಹುಡುಗರು ವಾರದ ಕೊನೆಗೆ ಮನೆಗೆ ಹೋಗುವಾಗ ರೈಫಲ್ ಜೊತೆಗೇ ಒಯ್ಯುತ್ತಿದ್ದರು. ಆತ್ಮಹತ್ಯೆ ಜಾಸ್ತಿ ಇತ್ತು. 2006ರಲ್ಲಿ ರೈಫಲನ್ನು ಶಿಬಿರದಲ್ಲೇ ಬಿಟ್ಟು ಹೋಗಿ ಅಂದರು. ಆ ವಯಸ್ಸಿನ ಸೈನಿಕರಲ್ಲಿ ಆತ್ಮಹತ್ಯೆ ಸುಮಾರು 40 ಶೇಕಡಾ ಇಳಿಯಿತು. ಯಾರ ಕೈಯಿಂದಲೂ ಆಯುಧ ಕಿತ್ತುಕೊಂಡಿರಲಿಲ್ಲ. ರಜೆ ಮುಗಿಸಿ ಬಂದರೆ ಮತ್ತೆ ಅದೇ ರೈಫಲ್, ಅದೇ ಹುಡುಗ. ಅಮೆರಿಕದಲ್ಲಿ 2021ರಲ್ಲಿ ಗುಂಡಿಗೆ ಸತ್ತವರು 48 ಸಾವಿರಕ್ಕೂ ಜಾಸ್ತಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, 26 ಸಾವಿರದಷ್ಟು, ಆತ್ಮಹತ್ಯೆ. ಟಿವಿಯಲ್ಲಿ ನಾವು ನೋಡುವುದು ಶಾಲೆಗೆ ನುಗ್ಗಿ ಗುಂಡು ಹಾರಿಸಿದ ಸುದ್ದಿ. ಮನೆಯೊಳಗೆ ಒಬ್ಬೊಬ್ಬರಾಗಿ ಹೋಗುವವರು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಸಾಯಬೇಕು ಅನ್ನಿಸುವ ಆ ಹೊತ್ತು ಎಷ್ಟೋ ಜನರಿಗೆ ಬಂದು ಹೋಗುವಂಥದ್ದು. ಆ ಹೊತ್ತಿನಲ್ಲಿ ಕೈಗೆಟಕುವಲ್ಲಿ ಏನಿದೆ ಅನ್ನುವುದರ ಮೇಲೆ ಜೀವ ನಿಂತಿರುತ್ತದೆ.

ನಮ್ಮೂರಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದಾರೆ. ಒಂದು ಸಂಜೆ ಅವರ ಮನೆಗೆ ಹೋದಾಗ ತುಂಬಿದ ಕೋವಿ ಬಾಗಿಲ ಹಿಂದೆ ಒರಗಿತ್ತು. ಪಕ್ಕದಲ್ಲೇ ಮೊಮ್ಮಗು ಚೆಂಡಾಡುತ್ತಿತ್ತು. ನಾನು ಕೇಳಿದೆ, "ಅಣ್ಣಾ, ಫೌಜಿನಲ್ಲಿ ರೈಫಲ್ ಹೀಗೇ ಇಡ್ತಿದ್ರಾ?" ಅವರು ನಕ್ಕರು. "ಅಲ್ಲಿ ಹಾಗೆಲ್ಲ ನಡೆಯಲ್ಲ. ರೈಫಲ್ ಕೋತ್‌ನಲ್ಲಿ, ಅಂದ್ರೆ ಆಯುಧದ ಕೋಣೆಯಲ್ಲಿ ಇರುತ್ತೆ, ಸಹಿ ಮಾಡಿ ತಗೋಬೇಕು. ಗುಂಡು ಬೇರೆ ಕಡೆ." ಹೇಳುತ್ತಾ ಹೇಳುತ್ತಾ ಅವರ ಕಣ್ಣು ಬಾಗಿಲ ಹಿಂದಕ್ಕೆ ಹೋಯಿತು. ಎದ್ದು ಹೋಗಿ ತೋಟಾ ತೆಗೆದು ಜೇಬಿಗೆ ಹಾಕಿಕೊಂಡರು. ಕಾರ್ಯಪ್ಪ, ತಿಮ್ಮಯ್ಯ ಅಂತ ಹೆಸರು ಹೇಳಿ ಎದೆ ಉಬ್ಬಿಸುವ ನಾವು ಅವರ ಫೌಜಿನ ಈ ಶಿಸ್ತನ್ನು ಮಾತ್ರ ಗೇಟಿನ ಹೊರಗೇ ಬಿಟ್ಟು ಬರುತ್ತೇವೆ.

ಕೋವಿಗೆ ಬೀಗ ಹಾಕುವುದು ಪರದೇಶದ ಪಾಠ ಅಂತ ಯಾರಾದರೂ ಹೇಳಿದರೆ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ನೆನಪಿಸಿ. ಮಳೆಗಾಲದ ಕಕ್ಕಡ ತಿಂಗಳಲ್ಲಿ ನಾಟಿ ಕೆಲಸ ಜೋರು. ಆಗ ಆಯುಧಗಳನ್ನು ಕನ್ನಿ ಕೊಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ ಇಡುತ್ತಿದ್ದರು. ನಾಟಿ ಮುಗಿದು, ಸೆಪ್ಟೆಂಬರಿನಲ್ಲಿ ಹಬ್ಬ ಬಂದ ದಿನವೇ ಹೊರಗೆ. ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಕೋವಿಗೆ ಒಳಗಿರುವ ಕಾಲ, ಹೊರಗೆ ಬರುವ ಕಾಲ ಅಂತ ಇತ್ತು. ಇವತ್ತು ಹೂವು ಇದೆ, ಫೋಟೋ ಇದೆ, ಒಳಗಿಡುವ ಕಾಲ ಹೋಗಿದೆ.

ಹಬ್ಬದ ಮಾತು ಬಂದಾಗ ಇನ್ನೊಂದು. ಕನ್ನಡದಲ್ಲಿ ಗುಂಡು ಅಂದರೆ ಎರಡು ಅರ್ಥ, ನಮ್ಮ ಜಿಲ್ಲೆಯಲ್ಲಿ ಎರಡೂ ಧಾರಾಳ. ಒಂದು ಗುಂಡು ಹೊಟ್ಟೆಗೆ ಹೋದ ಮೇಲೆ ಇನ್ನೊಂದು ಗುಂಡು ನಳಿಗೆಗೆ ಹೋಗಬಾರದು. ತೆಂಗಿನಕಾಯಿ ಸ್ಪರ್ಧೆ ನಡೆಸುವ ಸಂಘಗಳು ಇಷ್ಟು ನಿಯಮ ಮಾಡಬಹುದಲ್ವಾ? ಮೊದಲು ಗುರಿ, ಕೋವಿಗಳೆಲ್ಲ ಬೀಗಕ್ಕೆ, ಆಮೇಲೆ ಪಂದಿ ಕರಿ, ಕಡಂಬುಟ್ಟು, ಗ್ಲಾಸು. ಸಾವಿನ ಮನೆಯಲ್ಲಿ ಹಾರಿಸುವ ಈಡಿಗೆ ಚರೆ ಯಾಕೆ ಬೇಕು? ಬರೀ ಮದ್ದು ಸಾಕು. ಸದ್ದು ಅದೇ, ಸತ್ತವರಿಗೆ ಮರ್ಯಾದೆಯೂ ಅದೇ. ಮದುವೆ ಮನೆಯಲ್ಲಿ ಖುಷಿಗೆ ಹಾರಿಸುವವರಿಗೆ ಒಂದು ಮಾತು: ಇನ್ನೊಬ್ಬರ ಜೀವಕ್ಕೆ ಅಪಾಯವಾಗುವಂತೆ ಹಾಗೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ವಿಡಿಯೊ ಮಾಡಿ ಹಾಕುವವರು ತಮ್ಮ ಮೇಲೆ ತಾವೇ ಸಾಕ್ಷಿ ಹೇಳಿದ ಹಾಗೆ.

ಈಗ ಅಧಿಕಾರಿಗಳ ಕಡೆ ತಿರುಗುತ್ತೇನೆ.

ಎರಡು ವರ್ಷದ ಹಿಂದೆ ಅಣ್ಣನ ಮಗ ತುಂಬಾ ಸುಮ್ಮನಾಗಿಬಿಟ್ಟ. ಸೊರಗು ರೋಗಕ್ಕೆ ಮೆಣಸಿನ ಬಳ್ಳಿ ಹೋಗಿತ್ತು, ಬ್ಯಾಂಕಿನ ಸಾಲ ಬೇರೆ. ಊಟಕ್ಕೆ ಕರೆದರೆ ಬರುತ್ತಾನೆ, ತಟ್ಟೆ ನೋಡುತ್ತಾ ಕೂತಿರುತ್ತಾನೆ. ನನಗೆ ಅವ್ವನ ನೆನಪಾಯಿತು. ತೋಟಾ ಬಚ್ಚಿಟ್ಟರೆ ಸಾಲದು ಅನ್ನಿಸಿತು. ಅಣ್ಣನನ್ನು ಕರೆದುಕೊಂಡು, ಎರಡೂ ಕೋವಿ ಜೀಪಿಗೆ ಹಾಕಿಕೊಂಡು ಒಂದು ಠಾಣೆಗೆ ಹೋದೆ. ಎರಡು ತಿಂಗಳು ಇಟ್ಟುಕೊಳ್ಳಿ ಅಂದೆ. ಅಲ್ಲಿದ್ದವರು ಕ್ಯಾಲೆಂಡರ್ ನೋಡಿದರು. "ಈಗೇನು ಎಲೆಕ್ಷನ್ ಇಲ್ವಲ್ಲಮ್ಮ?" ಅಂದರು. ಆಮೇಲೆ, "ಮನೆಯಲ್ಲಿ ಏನಾದ್ರೂ ಕೇಸಾ?" ನಾಲ್ಕು ಜನ ಕಿವಿ ನಿಮಿರಿಸಿದರು. ಮೂರು ಸಲ ಓಡಾಡಿದ ಮೇಲೆ ಇಟ್ಟುಕೊಂಡರು, ನಿಜ. ಅಷ್ಟರಲ್ಲಿ ಊರಿಗೆಲ್ಲ ಸುದ್ದಿ. ಹುಡುಗನಿಗೆ ಅದೊಂದು ಅವಮಾನ ಜಾಸ್ತಿಯಾಯಿತು. ಅವನು ಈಗ ಚೆನ್ನಾಗಿದ್ದಾನೆ, ಈ ಭಾಗವನ್ನು ಓದಿ "ಇದನ್ನೂ ಬರಿ ಅತ್ತೆ" ಅಂದ.

ಕೇಳುವುದು ಇಷ್ಟೇ. ಚುನಾವಣೆ ಬಂದಾಗ ಜಿಲ್ಲೆ ಜಿಲ್ಲೆಯ ಕೋವಿಗಳನ್ನು ತಿಂಗಳುಗಟ್ಟಲೆ ಇಡಲು ಜಾಗ ಇದೆ, ರಿಜಿಸ್ಟರ್ ಇದೆ, ರಸೀದಿ ಇದೆ. ಒಂದು ಮನೆ ಕಷ್ಟದಲ್ಲಿದ್ದಾಗ ಅದೇ ಜಾಗ, ಅದೇ ರಸೀದಿ ಯಾಕೆ ಸಿಗಬಾರದು? ಕಾರಣ ಕೇಳಬೇಡಿ. ಕೇಸ್ ಇದೆಯಾ ಅಂತ ಕೇಳಬೇಡಿ. ವಾಪಸ್ ಕೇಳಿದ ದಿನ ಕೊಡಿ. ವಾಪಸ್ ಸಿಗುತ್ತದೆ ಅನ್ನುವ ನಂಬಿಕೆ ಇಲ್ಲದಿದ್ದರೆ ಯಾರೂ ತಂದುಕೊಡುವುದಿಲ್ಲ. ಆಮೇಲೆ ಕೋವಿ ಬರುವುದು ಪಂಚನಾಮೆಯಲ್ಲಿ.

2016ರ ಆಯುಧ ನಿಯಮಗಳಲ್ಲಿ ಲೈಸೆನ್ಸ್ ಕೇಳುವವರಿಗೆ ತರಬೇತಿಯ ಮಾತಿದೆ, ಭದ್ರವಾಗಿ ಇಡುತ್ತೇನೆ ಅಂತ ಬರೆದುಕೊಡುವ ಮಾತಿದೆ. ಲೈಸೆನ್ಸೇ ಬೇಡದ ನಮಗೆ ಇದು ತಟ್ಟುವುದೇ ಇಲ್ಲ. ಇದನ್ನು ನಮ್ಮ ಮೇಲೆ ಹೇರಿ ಅಂತ ನಾನು ಹೇಳುವುದಿಲ್ಲ, ಹೇರಿದರೆ ಬೀದಿಗೆ ಬರುತ್ತಾರೆ, ನಾನೂ ಬಂದೇನು. ಆದರೆ ವಿನಾಯಿತಿ ಪತ್ರ ಪಡೆಯಲು ಬರುವ ಹುಡುಗರಿಗೆ ಒಂದು ದಿನ ಕೂರಿಸಿ ತೋರಿಸಬಹುದು. ನಳಿಗೆ ಯಾವ ಕಡೆ ಇರಬೇಕು, ಬೇಲಿ ದಾಟುವಾಗ ಏನು ಮಾಡಬೇಕು, ಹಳುವಿನಲ್ಲಿ ಸದ್ದಾದರೆ ಕಣ್ಣಿಗೆ ಕಾಣುವವರೆಗೆ ಟ್ರಿಗರ್ ಮೇಲೆ ಬೆರಳು ಯಾಕೆ ಇಡಬಾರದು. ಕಲಿಸಲು ಹೊರಗಿನವರು ಬೇಡ, ನಮ್ಮ ಸುಬೇದಾರರೇ ಸಾಕು. ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಅಷ್ಟು ಜನ ಸೇರುತ್ತಾರೆ, ಮೈದಾನದ ಒಂದು ಮೂಲೆಯಲ್ಲಿ ಟ್ರಿಗರ್ ಬೀಗ, ಕಬ್ಬಿಣದ ಪೆಟ್ಟಿಗೆ ಇಟ್ಟು ಮಾರಿ. ಸಬ್ಸಿಡಿ ಕೊಟ್ಟರೆ ಇನ್ನೂ ಒಳ್ಳೆಯದು, ಸ್ಪ್ರಿಂಕ್ಲರ್‌ಗೆ ಕೊಡುತ್ತೀರಲ್ಲ.

ಒಂದು ಮಾತು ಹೇಳದೆ ಬಿಟ್ಟರೆ ಪತ್ರ ಪೂರ್ತಿಯಾಗುವುದಿಲ್ಲ. ಕೋವಿ ಇರುವವರು ನಾವು. ನಮ್ಮ ಲೈನ್ ಮನೆಗಳಲ್ಲಿ ಇರುವ ಯರವ, ಕುರುಬ ಬುಡಕಟ್ಟಿನವರು, ಹೊರಗಿನಿಂದ ಬಂದ ಕೂಲಿಯವರು ಕೋವಿ ಇಲ್ಲದವರು. ಸಂಜೆ ಸೌದೆ ಹೊತ್ತು ತೋಟದೊಳಗೆ ನಡೆದು ಬರುವವರು ಅವರೇ. ನಳಿಗೆಯ ಆ ತುದಿಯಿಂದ ಕೋವಿ ಹೇಗೆ ಕಾಣುತ್ತದೆ ಅಂತ ಅವರನ್ನು ಯಾವ ಸಭೆಯಲ್ಲೂ ಕೇಳಿದ್ದನ್ನು ನಾನು ಕಂಡಿಲ್ಲ. ನಾನೂ ಕೇಳಿರಲಿಲ್ಲ. ಹೋದ ತಿಂಗಳು ನಮ್ಮಲ್ಲಿ ಕಾಫಿ ಕೊಯ್ಯುವ ಒಬ್ಬಳನ್ನು ಕೇಳಿದೆ. "ರಾತ್ರಿ ನೀವು ಹಂದಿಗೆ ಹೋಗ್ತೀರಿ ಅಂತ ಮೊದಲೇ ಹೇಳಿದ್ರೆ ನಾವು ಆ ಕಡೆ ಬರಲ್ಲ ಅಕ್ಕ" ಅಂದಳು. ಈಗ ನಮ್ಮ ಮನೆಯಲ್ಲಿ ಕಾವಲಿಗೆ ಹೋಗುವ ದಿನ ಸಂಜೆ ಐದಕ್ಕೆ ಲೈನ್ ಮನೆಗೆ ಹೋಗಿ ಹೇಳಿ ಬರುತ್ತೇವೆ. ಇದಕ್ಕೆ ಖರ್ಚೇ ಇಲ್ಲ.

ನಮ್ಮ ಮನೆಗಳ ಹೆಂಗಸರಿಗೆ ಬೇರೆ ಹೇಳಬೇಕಿಲ್ಲ. ತೋಟಾ ಪೆಟ್ಟಿಗೆಯ ಬೀಗದ ಕೈ ಅಕ್ಕಿ ಡಬ್ಬದ ಬೀಗದ ಕೈ ಜೊತೆ ನಿಮ್ಮ ಸೊಂಟದಲ್ಲಿರಲಿ. ಮನೆಯಲ್ಲಿ ಯಾರಾದರೂ ತಟ್ಟೆ ನೋಡುತ್ತಾ ಕೂತಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಒಕ್ಕದ ಪಟ್ಟೆದಾರರಿಗೆ, ಅಂದರೆ ಕುಲದ ಹಿರಿಯರಿಗೆ, ಒಂದು ಕೋರಿಕೆ: ಯಾವುದಾದರೂ ಮನೆಯಿಂದ ಕೋವಿ ಠಾಣೆಗೆ ಹೋಗಬೇಕಾದಾಗ ನೀವು ಜೀಪಿನಲ್ಲಿ ಜೊತೆಗೆ ಕೂತುಕೊಳ್ಳಿ. ನೀವಿದ್ದರೆ ಊರು ಬಾಯಿ ಮುಚ್ಚುತ್ತದೆ.

ಜಿಲ್ಲಾಧಿಕಾರಿಗಳೇ, ಎಸ್‌ಪಿ ಸಾಹೇಬರೇ, ಈ ಪತ್ರಕ್ಕೆ ಉದ್ದದ ಉತ್ತರ ಬೇಡ. ಪ್ರತಿ ಠಾಣೆಯ ಹೊರಗೆ ಒಂದು ಬೋರ್ಡು ಹಾಕಿಸಿ: "ಎಲೆಕ್ಷನ್ ಇಲ್ಲದ ದಿನವೂ ಇಲ್ಲಿ ಕೋವಿ ಇಡಬಹುದು." ಕೈಲ್‌ಪೊಳ್ದ್ ಒಳಗೆ ಆದರೆ ಒಳ್ಳೆಯದು.

ಇಂತಿ,
ದಕ್ಷಿಣ ಕೊಡಗಿನ ಒಬ್ಬ ಬೆಳೆಗಾರ್ತಿ